ಯಾರ ಹಸಿರು? ಚೆನ್ನೈ ಕಡಲಿನ ನೀರ್ಗಡಿಗಳನ್ನು ಓದುವ ಬಗೆ

1946ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ನೂರು ಪುಟ ಮೀರಿದ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ಮದ್ರಾಸಿನ ಆರ್. ಸುಬ್ರಹ್ಮಣ್ಯನ್. ವಿಷಯ, ಮದ್ರಾಸ್ ಕರಾವಳಿಯ ನೀರಿನಲ್ಲಿ ತೇಲುವ ಡಯಾಟಮ್‌ಗಳು. ಗಾಜಿನಂಥ ಸಿಲಿಕಾ ಕವಚ ತೊಟ್ಟ ಈ ಏಕಕೋಶ ಪಾಚಿಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಡಿ ಇಟ್ಟು, ರೇಖಾಚಿತ್ರ ಬರೆದು, ಹೆಸರು ಗುರುತಿಸಿ ವಿವರಿಸಿದ ತಾಳ್ಮೆಯ ಕೆಲಸ ಅದು. ಅದಕ್ಕೂ ಮುಂಚೆ, 1930ರ ಸುಮಾರಿಗೇ ಮದ್ರಾಸ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಪ್ರಯೋಗಾಲಯ ಈ ತೀರದ ಪ್ಲವಕಗಳ, ಅಂದರೆ ನೀರಿನೊಡನೆ ತೇಲುವ ಜೀವಿಗಳ, ದಾಖಲೆ ಇಡತೊಡಗಿತ್ತು. ಯಾವ ತಿಂಗಳಲ್ಲಿ ನೀರಿನಲ್ಲಿ ಯಾರಿದ್ದಾರೆ ಎಂಬುದು ಆ ತಲೆಮಾರಿನ ಪ್ರಶ್ನೆಯಾಗಿತ್ತು.

ಇವತ್ತು ನಮ್ಮ ಪ್ರಶ್ನೆ ಬದಲಾಗಿದೆ. 2022ರ ನವೆಂಬರ್ 26ರಂದು ಚೆನ್ನೈಗೆ ಉತ್ತರದ ಶ್ರೀಹರಿಕೋಟಾದಿಂದ ಮೇಲೇರಿದ ಓಷನ್‌ಸ್ಯಾಟ್-3 ಉಪಗ್ರಹ ಕಡಲಿನ ಬಣ್ಣವನ್ನು 13 ತರಂಗಪಟ್ಟಿಗಳಲ್ಲಿ ಅಳೆಯಬಲ್ಲದು. ಆ ಬಣ್ಣದಿಂದ ಕ್ಲೋರೊಫಿಲ್ ಎಷ್ಟಿದೆ ಎಂದು ಲೆಕ್ಕ ಹಾಕಿ ಇಡೀ ಬಂಗಾಳ ಕೊಲ್ಲಿಯ ನಕ್ಷೆಯನ್ನೇ ಬಿಡಿಸಬಹುದು. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಹೆಸರುಗಳಿದ್ದವು, ನಕ್ಷೆ ಇರಲಿಲ್ಲ. ನಮ್ಮ ಕಾಲದಲ್ಲಿ ನಕ್ಷೆ ಇದೆ, ಹೆಸರುಗಳು ಹಿಂದೆ ಸರಿದಿವೆ. ಕಡಲು ಎಷ್ಟು ಹಸಿರಾಗಿದೆ ಎಂದು ಥಟ್ಟನೆ ಹೇಳಬಲ್ಲೆವು. ಅದು ಯಾರ ಹಸಿರು ಎಂದು ಕೇಳಿದರೆ ತಡವರಿಸುತ್ತೇವೆ. ಚೆನ್ನೈಯಂಥ ಕಡಲತಡಿಯ ಊರಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯ ಎಂಬುದು ನನ್ನ ವಾದ. ಅದರ ಉತ್ತರ ಸಿಗುವ ಜಾಗವೂ ಒಂದಿದೆ. ಎರಡು ಬಗೆಯ ನೀರು ಸಂಧಿಸುವ ಗಡಿ ಅದು.

ಸಾಗರವಿಜ್ಞಾನಿಗಳು ಅದನ್ನು ಫ್ರಂಟ್ ಎನ್ನುತ್ತಾರೆ. ನಾವು ನೀರ್ಗಡಿ ಎನ್ನೋಣ. ಕಡಲಿನ ನೀರು ಎಲ್ಲ ಕಡೆ ಒಂದೇ ಅಲ್ಲ. ಒಂದು ಕಡೆ ಬೆಚ್ಚಗಿದ್ದರೆ ಇನ್ನೊಂದು ಕಡೆ ತಣ್ಣಗೆ, ಒಂದು ಕಡೆ ಉಪ್ಪು ಕಡಿಮೆಯಾದರೆ ಇನ್ನೊಂದು ಕಡೆ ಹೆಚ್ಚು. ಇಂಥ ಎರಡು ನೀರುಗಳು ನಿಧಾನವಾಗಿ ಬೆರೆಯದೆ ಕೆಲವೇ ಕಿಲೋಮೀಟರ್‌ಗಳಲ್ಲಿ, ಕೆಲವೊಮ್ಮೆ ಕೆಲವೇ ನೂರು ಮೀಟರ್‌ಗಳಲ್ಲಿ ಎದುರುಬದುರಾದಾಗ ಗಡಿ ಹುಟ್ಟುತ್ತದೆ. ಅಲ್ಲಿ ಮೇಲ್ಮೈ ನೀರು ಎರಡೂ ಕಡೆಯಿಂದ ಬಂದು ಸೇರುತ್ತದೆ. ಭಾರದ ನೀರು ಹಗುರ ನೀರಿನ ಕೆಳಗೆ ಜಾರುತ್ತದೆ, ಪಕ್ಕದಲ್ಲೇ ಆಳದ ನೀರು ಮೇಲೇಳುತ್ತದೆ. ತೆರೆದ ಕಡಲಿನಲ್ಲಿ ನೀರಿನ ಏರಿಳಿತ ಸಾಮಾನ್ಯವಾಗಿ ದಿನಕ್ಕೆ ಒಂದು ಮೀಟರನ್ನೂ ಮುಟ್ಟುವುದಿಲ್ಲ. ಚೂಪಾದ ನೀರ್ಗಡಿಯಲ್ಲಿ ಅದು ದಿನಕ್ಕೆ ಹತ್ತಾರು ಮೀಟರ್ ಆಗಬಲ್ಲದು.

ಈ ಏರಿಳಿತವೇ ಸಸ್ಯಪ್ಲವಕಗಳ ಹಣೆಬರಹ ಬರೆಯುತ್ತದೆ. ಭೂಮಿಯ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧವನ್ನು ನಡೆಸುವ ಈ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಎರಡು: ಮೇಲಿಂದ ಬೆಳಕು, ಕೆಳಗಿಂದ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್‌ಗಳಂಥ ಪೋಷಕಾಂಶ. ಉಷ್ಣವಲಯದ ಕಡಲಿನಲ್ಲಿ ಬೆಳಕಿರುವಲ್ಲಿ ಪೋಷಕಾಂಶ ಇರುವುದಿಲ್ಲ, ಪೋಷಕಾಂಶ ಇರುವಲ್ಲಿ ಬೆಳಕು ತಲುಪುವುದಿಲ್ಲ. ನೀರ್ಗಡಿ ಎರಡನ್ನೂ ಒಂದೆಡೆ ತರುತ್ತದೆ. ಎರಡು ಸೀಮೆಗಳ ನಡುವೆ ಕೂಡುವ ವಾರದ ಸಂತೆಯ ಹಾಗೆ, ಎರಡೂ ಕಡೆಯ ಸರಕು, ಎರಡೂ ಕಡೆಯ ಜನ ಅಲ್ಲಿ ಸೇರುತ್ತಾರೆ. ಒಂದೇ ಊರಿನಲ್ಲಿ ಸಿಗದ ವ್ಯವಹಾರ ಅಲ್ಲಿ ನಡೆಯುತ್ತದೆ.

ಆದರೆ ಆ ವ್ಯವಹಾರದಲ್ಲಿ ಎಲ್ಲರಿಗೂ ಲಾಭವಿಲ್ಲ. ಸಿನೆಕೊಕಾಕಸ್, ಪ್ರೊಕ್ಲೊರೊಕಾಕಸ್‌ನಂಥ ಸಯನೊಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಗಾತ್ರದವು. ಗಾತ್ರಕ್ಕೆ ಹೋಲಿಸಿದರೆ ಅವುಗಳ ಹೊರಮೈ ದೊಡ್ಡದು. ಹಾಗಾಗಿ ನೀರಿನಲ್ಲಿ ಅಲ್ಪಸ್ವಲ್ಪ ಉಳಿದ ಪೋಷಕಾಂಶವನ್ನೂ ಹೀರಿ ಬದುಕಬಲ್ಲವು. ಬಡ, ನಿಶ್ಚಲ, ಬೆಚ್ಚನೆಯ ನೀರು ಅವುಗಳ ರಾಜ್ಯ. ಡಯಾಟಮ್‌ಗಳದ್ದು ಬೇರೆ ಬಾಳು. ಅವು ದೊಡ್ಡವು, ಹಸಿವೂ ದೊಡ್ಡದು. ಕಲಕುವ ನೀರು, ಥಟ್ಟನೆ ಒದಗುವ ನೈಟ್ರೇಟ್, ಜೊತೆಗೆ ಸಿಲಿಕೇಟ್ ಸಿಕ್ಕರೆ ದಿನಕ್ಕೊಮ್ಮೆ ಇಮ್ಮಡಿಯಾಗಿ ಉಳಿದವರನ್ನು ಹಿಂದಿಕ್ಕುತ್ತವೆ. ಇವೆರಡರ ನಡುವೆ, ಬಾಲದಂಥ ಕಶಾಂಗ ಬೀಸಿ ಈಜುತ್ತ ಬೆಳಕಿಗೂ ಪೋಷಕಾಂಶಕ್ಕೂ ಓಡಾಡುವ ಡೈನೋಫ್ಲಾಜೆಲೇಟ್‌ಗಳಿವೆ. ನೀರಿನ ಕಲಕುವಿಕೆ ಮತ್ತು ಪೋಷಕಾಂಶ, ಈ ಎರಡೇ ಅಂಶಗಳಿಂದ ಯಾವ ಗುಂಪು ಗೆಲ್ಲುತ್ತದೆ ಎಂದು ಹೇಳಬಹುದೆಂಬ ಪ್ರಸಿದ್ಧ ಚಿತ್ರವನ್ನು ಸ್ಪೇನಿನ ರಾಮೋನ್ ಮಾರ್ಗಲೆಫ್ 1978ರಲ್ಲೇ ಕೊಟ್ಟಿದ್ದರು. ನೀರ್ಗಡಿ ಈ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ಆದ್ದರಿಂದ ಅದು ಹಸಿರನ್ನು ಹೆಚ್ಚಿಸುವುದಷ್ಟೇ ಅಲ್ಲ, ಹಸಿರಿನ ಒಡೆಯರನ್ನೇ ಬದಲಿಸುತ್ತದೆ. ಬ್ರೆಜಿಲ್ ಮತ್ತು ಮಾಲ್ವಿನಾಸ್ ಪ್ರವಾಹಗಳು ಸಂಧಿಸುವ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಒಂದೊಂದು ಗುಂಪಿನ ಪ್ಲವಕವೂ ನೀರ್ಗಡಿಗಳು ಕತ್ತರಿಸಿಕೊಟ್ಟ ತೇಲುವ ತುಂಡುಗಳಲ್ಲಿ ವಾರಗಟ್ಟಲೆ ಪ್ರಾಬಲ್ಯ ಮೆರೆಯುವುದನ್ನು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಉಪಗ್ರಹ ಚಿತ್ರಗಳಿಂದ ತೋರಿಸಿತು.

ಚೆನ್ನೈ ಕಡಲಿನಲ್ಲಿ ಈ ಗಡಿ ಎಲ್ಲಿದೆ? ಅದು ಋತುವಿನ ಜೊತೆ ಓಡಾಡುತ್ತದೆ. ಫೆಬ್ರುವರಿಯಿಂದ ಮೇವರೆಗೆ ಪೂರ್ವ ಕರಾವಳಿಯ ಪ್ರವಾಹ ದಕ್ಷಿಣದಿಂದ ಉತ್ತರಕ್ಕೆ ಬಿರುಸಾಗಿ ಹರಿಯುತ್ತದೆ. ಹೆಚ್ಚು ಉಪ್ಪಿನ ನೀರನ್ನು ತರುತ್ತದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಅದೇ ಪ್ರವಾಹ ತಿರುಗಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಚೆನ್ನೈಯ ಕುಪ್ಪಗಳ, ಅಂದರೆ ಮೀನುಗಾರ ಕೇರಿಗಳ, ಜನ ದಕ್ಷಿಣದಿಂದ ಬರುವ ಹರಿವನ್ನು ತೆಂಡಿ, ಉತ್ತರದಿಂದ ಬರುವುದನ್ನು ವನ್ನಿ ಎಂದು ಕರೆದು, ಬಲೆ ಬೀಸುವ ಮೊದಲು ಇವತ್ತು ಯಾವುದು ನಡೆಯುತ್ತಿದೆ ಎಂದು ನೋಡಿಕೊಳ್ಳುತ್ತಾರೆ.

ಹಿಂಗಾರಿನ ಈ ಹರಿವು ಬರಿ ಉಪ್ಪುನೀರಲ್ಲ. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿಗಳು ಮುಂಗಾರಿನಲ್ಲಿ ಸುರಿದ ಸಿಹಿನೀರು ಅದರಲ್ಲಿ ಬೆರೆತಿರುತ್ತದೆ. ಕರಾವಳಿಯುದ್ದಕ್ಕೂ ಮೀನುಗಾರರು ವರ್ಷಗಟ್ಟಲೆ ತುಂಬಿಕೊಟ್ಟ ನೀರಿನ ಮಾದರಿಗಳನ್ನು ಆಧರಿಸಿ ಭಾರತ ಮತ್ತು ಫ್ರಾನ್ಸಿನ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕಡಲೊಳಗಿನ ನದಿ ಎಂದೇ ಬಣ್ಣಿಸಿತು. ಸುಮಾರು 100 ಕಿಲೋಮೀಟರ್ ಅಗಲದ ಸಪ್ಪೆ ನೀರಿನ ಪಟ್ಟಿಯೊಂದು ದಡಕ್ಕಂಟಿಕೊಂಡು ಕೆಳಗಿಳಿದು ಎರಡೂವರೆ ತಿಂಗಳಲ್ಲಿ ಭಾರತದ ದಕ್ಷಿಣ ತುದಿ ಮುಟ್ಟುತ್ತದೆ. ಆ ನದಿಯ ಆಚೆಯ ದಂಡೆ ಮಣ್ಣಿನದ್ದಲ್ಲ. ಅದೊಂದು ನೀರ್ಗಡಿ, ಉಪ್ಪಿನ ಗಡಿ. ಈ ನೀರು ಶ್ರೀಲಂಕಾವನ್ನು ಸುತ್ತಿ ಚಳಿಗಾಲದಲ್ಲಿ ಅರಬ್ಬೀ ಸಮುದ್ರದ ಆಗ್ನೇಯ ಭಾಗಕ್ಕೆ ನುಗ್ಗುತ್ತದೆ, ಪಶ್ಚಿಮ ಕರಾವಳಿಗುಂಟ ಉತ್ತರಕ್ಕೆ ಏರುತ್ತದೆ. ಚೆನ್ನೈ ಮುಂದೆ ಹಾದುಹೋದ ನೀರಿಗೂ ನಮ್ಮ ಪಶ್ಚಿಮದ ಕಡಲಿಗೂ ನಂಟಿದೆ ಎಂಬುದನ್ನು ಕನ್ನಡಿಗರು ಮರೆಯಬಾರದು.

ಇಲ್ಲೊಂದು ಎಚ್ಚರಿಕೆಯೂ ಬೇಕು. ಗಡಿ ಎಂದಾಕ್ಷಣ ಸಮೃದ್ಧಿ ಎಂದುಕೊಳ್ಳುವುದು ಬೇರೆ ಕಡಲುಗಳ ಪಾಠವನ್ನು ಬಂಗಾಳ ಕೊಲ್ಲಿಯ ಮೇಲೆ ಹೇರಿದಂತೆ. ಕ್ಯಾಲಿಫೋರ್ನಿಯಾ ತೀರದ ಗಡಿಗಳಲ್ಲಿ ಆಳದಿಂದೆದ್ದ ತಣ್ಣೀರು ಪೋಷಕಾಂಶ ಹೊತ್ತು ತರುತ್ತದೆ. ಕೊಲ್ಲಿಯಲ್ಲಿ ಹಾಗಲ್ಲ. ಇಲ್ಲಿ ಸಪ್ಪೆ ನೀರು ಹಗುರವಾಗಿ ಮೇಲೆ ಹರಡಿ ಮುಚ್ಚಳವಾಗುತ್ತದೆ. ಗಾಳಿ ಎಷ್ಟೇ ಬೀಸಿದರೂ ಆಳದ ಪೋಷಕಾಂಶ ಸುಲಭವಾಗಿ ಮೇಲೆ ಬರುವುದಿಲ್ಲ. ನದಿಗಳು ತಂದ ಪೋಷಕಾಂಶದ ಬಹುಪಾಲು ಅಳಿವೆ ಮತ್ತು ದಡದ ಹತ್ತಿರವೇ ಮುಗಿದುಹೋಗುತ್ತದೆ. ಇಷ್ಟೊಂದು ನದಿ ಸೇರುವ ಕೊಲ್ಲಿ ಅರಬ್ಬೀ ಸಮುದ್ರಕ್ಕಿಂತ ಬಡವಾಗಿರುವುದಕ್ಕೆ ಇದು ದೊಡ್ಡ ಕಾರಣ. ಆ ಮುಚ್ಚಳವನ್ನು ಒಡೆಯುವವು ಸುಳಿಗಳು, ಚಂಡಮಾರುತಗಳು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್. ಪ್ರಸನ್ನಕುಮಾರ್ ಮತ್ತು ಸಂಗಡಿಗರು 2004ರಲ್ಲಿ ಸುಳಿಗಳ ಪಾತ್ರವನ್ನು ಮುಂದಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಹಿಂಗಾರಿನಲ್ಲಿ ಕೊಲ್ಲಿಯ ಪ್ಲವಕಗಳು ಹೇಗೆ ಅರಳುತ್ತವೆ, ಚಂಡಮಾರುತ ಅದನ್ನು ಹೇಗೆ ತೀವ್ರಗೊಳಿಸುತ್ತದೆ ಎಂದು ಸಹಲೇಖಕರೊಡನೆ 2003ರಲ್ಲಿ ಬರೆದರು. ಅಂದರೆ ಇಲ್ಲಿ ಗಡಿಯ ಒಂದು ಬದಿ ಹೊಟ್ಟೆ ತುಂಬಿಸಬಹುದು, ಇನ್ನೊಂದು ಬದಿ ಹಸಿವಿನಲ್ಲಿಡಬಹುದು. ಯಾವ ಬದಿಯಲ್ಲಿ ಯಾರಿದ್ದಾರೆ ಎಂದು ನೋಡದೆ ತಿಳಿಯದು.

ಯಾರಿದ್ದಾರೆ ಎಂಬುದು ಯಾಕೆ ಇಷ್ಟು ಮುಖ್ಯ? ಮೊದಲ ಸಾಕ್ಷಿ ನಮ್ಮದೇ ಬದಿಯ ಕಡಲಿನದು. ಮಂಗಳೂರಿನವರು ಬೂತಾಯಿ ಎನ್ನುವ ಎಣ್ಣೆ ಸಾರ್ಡೀನ್ ಮೀನಿನ ಸಮೃದ್ಧಿಗೂ ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಒಂದೇ ಒಂದು ಡಯಾಟಮ್‌ಗೂ ಸಂಬಂಧವಿದೆ, ಅದನ್ನು ಮೀನಿನ ಸೂಚಕವೆಂದೇ ನೋಡಬಹುದು ಎಂದು ಆರ್.ವಿ. ನಾಯರ್ ಅವರ ಜೊತೆ ಅದೇ ಸುಬ್ರಹ್ಮಣ್ಯನ್ 1955ರಲ್ಲಿ ಬರೆದರು. ಒಟ್ಟು ಹಸಿರಿನ ಅಂಕಿಯಿಂದ ಇದು ಹೊಳೆಯುತ್ತಿರಲಿಲ್ಲ. ಡಯಾಟಮ್ ಇದ್ದ ನೀರಿನಲ್ಲಿ ಆಹಾರ ಸರಪಣಿ ಚಿಕ್ಕದು. ಪ್ಲವಕದಿಂದ ಮೀನಿಗೆ ಒಂದೆರಡೇ ಹೆಜ್ಜೆ. ಸಯನೊಬ್ಯಾಕ್ಟೀರಿಯಾಗಳ ನೀರಿನಲ್ಲಿ ಸರಪಣಿ ಉದ್ದ. ಒಂದೊಂದು ಕೊಂಡಿಯಲ್ಲೂ ಆಹಾರದ ಬಹುಪಾಲು ಸೋರಿಹೋಗಿ ಮೀನಿಗೆ ಉಳಿಯುವುದು ಚೂರು. ಉಪಗ್ರಹದ ಕಣ್ಣಿಗೆ ಎರಡೂ ಹಸಿರೇ. ಮೀನುಗಾರನ ಬುಟ್ಟಿಗೆ ಎರಡೂ ಒಂದಲ್ಲ.

ಎರಡನೆಯ ಸಾಕ್ಷಿ ಚೆನ್ನೈನದೇ. 2019ರ ಆಗಸ್ಟ್ 18ರ ರಾತ್ರಿ ಬೆಸೆಂಟ್ ನಗರ, ತಿರುವಾನ್ಮಿಯೂರು ಮತ್ತು ಪೂರ್ವ ಕರಾವಳಿ ರಸ್ತೆಯ ತೀರಗಳಲ್ಲಿ ಅಲೆಗಳು ನೀಲಿಯಾಗಿ ಹೊಳೆದವು. ಜನ ಬೆರಗಾಗಿ ನೋಡಿದರು. ಹೊಳಪಿನ ಹಿಂದಿದ್ದದ್ದು ನಾಕ್ಟಿಲ್ಯೂಕಾ ಎಂಬ ಡೈನೋಫ್ಲಾಜೆಲೇಟ್. ಮುಂದಿನ ತಿಂಗಳು ಮನ್ನಾರ್ ಕೊಲ್ಲಿಯಲ್ಲಿ ಅದೇ ಕುಲದ ಜೀವಿ ನೀರನ್ನು ಹಸಿರಾಗಿಸಿತು, ಪಾಂಬನ್ ಸುತ್ತ ಮೀನುಗಳು ಸತ್ತು ತೇಲಿದವು. ನಾಕ್ಟಿಲ್ಯೂಕಾ ಡಯಾಟಮ್‌ಗಳನ್ನು ತಿನ್ನುತ್ತದೆ. ಒಡಲಲ್ಲಿ ಅಮೋನಿಯಂ ತುಂಬಿಕೊಂಡು ಹಗುರವಾಗಿ ತೇಲುತ್ತದೆ. ತೇಲುವ ಇಂಥ ಜೀವಿಯನ್ನು ನೀರು ಬಂದು ಸೇರುವ ಗಡಿ ರೇಖೆ ಒಟ್ಟುಗೂಡಿಸಿಬಿಡುತ್ತದೆ. ಆಗಸ್ಟಿನ ಹೊಳಪಿಗೆ ನೀರ್ಗಡಿಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಆ ವಾರಗಳಲ್ಲಿ ಗಡಿ ಎಲ್ಲಿತ್ತು, ಅದರ ಎರಡೂ ಬದಿಯಲ್ಲಿ ಯಾರಿದ್ದರು ಎಂದು ನಿಯಮಿತವಾಗಿ ನೋಡುವ ಪದ್ಧತಿ ಇದ್ದರೆ ಬೆರಗು ತಿಳಿವಳಿಕೆಯಾಗುತ್ತಿತ್ತು, ತಿಳಿವಳಿಕೆ ಮುನ್ಸೂಚನೆಯಾಗುತ್ತಿತ್ತು.

ಮೂರನೆಯದು ನೇರವಾಗಿ ನಲ್ಲಿಗೆ ಸಂಬಂಧಿಸಿದ್ದು. ಚೆನ್ನೈ ಈಗ ಕಡಲನ್ನು ಕುಡಿಯುವ ನಗರ. ಮಿಂಜೂರಿನ ಉಪ್ಪು ತೆಗೆಯುವ ಘಟಕ 2010ರಲ್ಲಿ, ನೆಮ್ಮೇಲಿಯದು 2013ರಲ್ಲಿ ಆರಂಭವಾದವು. ಎರಡೂ ದಿನಕ್ಕೆ 10 ಕೋಟಿ ಲೀಟರ್ ಸಾಮರ್ಥ್ಯದವು. 2024ರಲ್ಲಿ ನೆಮ್ಮೇಲಿಯಲ್ಲಿ ಇನ್ನೂ 15 ಕೋಟಿ ಲೀಟರಿನ ಘಟಕ ಸೇರಿತು. 2008-09ರಲ್ಲಿ ಪರ್ಷಿಯನ್ ಕೊಲ್ಲಿ ಮತ್ತು ಓಮಾನ್ ಕಡಲಿನಲ್ಲಿ ಕಾಕ್ಲೋಡಿನಿಯಂ ಎಂಬ ಡೈನೋಫ್ಲಾಜೆಲೇಟ್ ತಿಂಗಳುಗಟ್ಟಲೆ ಹಬ್ಬಿ, ಅಂಥ ಘಟಕಗಳನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ಡಯಾಟಮ್ ಹೆಚ್ಚಿದ ದಿನ ಮತ್ತು ಲೋಳೆ ಸುರಿಸುವ ಜೀವಿ ಹೆಚ್ಚಿದ ದಿನ ಕ್ಲೋರೊಫಿಲ್ ಅಂಕಿ ಒಂದೇ ಇರಬಹುದು. ಘಟಕದ ಸೋಸುಪೊರೆಗಳಿಗೆ ಎರಡೂ ಒಂದಲ್ಲ.

ಗಡಿಗೆ ಆಯ್ಕೆಯ ವಿವೇಕವಿಲ್ಲ. ಅದು ಆಹಾರ ಕೂಡಿಸುವಂತೆಯೇ ಹೊಲಸನ್ನೂ ಕೂಡಿಸುತ್ತದೆ. 2017ರ ಜನವರಿ 28ರಂದು ಎಣ್ಣೂರಿನ ಕಾಮರಾಜರ್ ಬಂದರಿನ ಹೊರಗೆ ಎರಡು ಹಡಗುಗಳು ಡಿಕ್ಕಿಯಾಗಿ ಎಣ್ಣೆ ಚೆಲ್ಲಿತು. ಅದು ದಕ್ಷಿಣದ ತೀರಗುಂಟ ಹರಡಿತು, ಜನ ಬಕೆಟ್ ಹಿಡಿದು ಬಳಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಎಣ್ಣೂರಿನ ಹಿನ್ನೀರಿಗೆ ಎಣ್ಣೆ ನುಗ್ಗಿತು. ಕೂವಂ, ಅಡ್ಯಾರ್ ನದಿಗಳು ನಗರದ ಕೊಳಚೆಯನ್ನು ಹೊತ್ತು ಕಡಲು ಸೇರುವಲ್ಲಿ ಮಣ್ಣುಬಣ್ಣದ ನೀರು ಹಸಿರು ನೀರಿಗೆ ತಾಗುವ ಗೆರೆ ಮಳೆಗಾಲದಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಅದೂ ನೀರ್ಗಡಿಯೇ. ತೇಲುವ ಎಣ್ಣೆ, ಪ್ಲಾಸ್ಟಿಕ್, ಮೊಟ್ಟೆಯೊಡೆದ ಮೀನಿನ ಮರಿಗಳು, ಪ್ಲವಕಗಳು ಅಂಥ ಗೆರೆಗಳಲ್ಲಿ ಒಂದೇ ಸಾಲಿಗೆ ಬಂದು ಸೇರುತ್ತವೆ. ಜೀವ ದಟ್ಟವಾಗಿರುವಲ್ಲಿಯೇ ವಿಷವೂ ದಟ್ಟವಾಗುತ್ತದೆ. ಸರಾಸರಿ ಅಂಕಿಗಳು ಮುಚ್ಚಿಡುವ ಸತ್ಯ ಇದು.

ಗಡಿಗಳ ಬಗ್ಗೆ ನಾವು ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಉಪಗ್ರಹಗಳ ತಾಪಮಾನ ಮತ್ತು ಕ್ಲೋರೊಫಿಲ್ ಮಾಹಿತಿಯಲ್ಲಿ ಇಂಥ ಗೆರೆಗಳನ್ನು ಹುಡುಕಿ, ಮೀನು ಸಿಗಬಹುದಾದ ವಲಯಗಳ ಸೂಚನೆಯನ್ನು ಕನ್ನಡ, ತಮಿಳು ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ಕಳಿಸುತ್ತದೆ. ಚೆನ್ನೈಯ ಕಾಸಿಮೇಡಿನ ದೋಣಿಗೂ ಮಲ್ಪೆಯ ದೋಣಿಗೂ ಅದು ತಲುಪುತ್ತದೆ. ಹುಡುಕಾಟದ ಹೊತ್ತು, ಡೀಸೆಲ್ ಎರಡನ್ನೂ ಉಳಿಸುವ ಒಳ್ಳೆಯ ಸೇವೆ ಇದು. ಆದರೆ ಇದರಲ್ಲಿ ಮೂರು ಕೊರತೆಗಳಿವೆ. ಮೋಡ ಕವಿದಾಗ ಆ ಉಪಗ್ರಹಗಳು ಕುರುಡಾಗುತ್ತವೆ. ಕೊಲ್ಲಿಯ ಗಡಿಗಳು ತೀವ್ರವಾಗುವುದು ಮಳೆಗಾಲದ ಸುತ್ತಮುತ್ತಲೇ. ಎರಡನೆಯದಾಗಿ, ಕೊಲ್ಲಿಯ ಹಲವು ಗಡಿಗಳು ತಾಪಮಾನಕ್ಕಿಂತ ಉಪ್ಪಿನವು. ಲವಣತೆ ಅಳೆಯುವ ಉಪಗ್ರಹಗಳ ನೋಟ ಹತ್ತಾರು ಕಿಲೋಮೀಟರ್‌ಗಳಷ್ಟು ಒರಟು. ದಡದ ಹತ್ತಿರ ಇನ್ನೂ ಮಸುಕು. ಮೂರನೆಯದು, ಕೊಲ್ಲಿಯ ಪ್ಲವಕಗಳು ಎಷ್ಟೋ ಸಲ ಮೇಲ್ಮೈಯಲ್ಲಿರದೆ ಹತ್ತಾರು ಮೀಟರ್ ಕೆಳಗೆ ಗುಂಪುಗೂಡುತ್ತವೆ. ಬಣ್ಣ ನೋಡುವ ಕ್ಯಾಮೆರಾಕ್ಕೆ ಆ ಆಳ ಸಿಗದು. ವಿನಯಚಂದ್ರನ್ ಮುಂದಾಳುತನದಲ್ಲಿ 2016ರ ಮುಂಗಾರಿನಲ್ಲಿ ಚೆನ್ನೈಯಿಂದ ಹೊರಟ ಸಿಂಧು ಸಾಧನಾ ಹಡಗಿನ ಯಾನದಂಥವೂ ನೀರಿನೊಳಗೆ ಸಾಗುವ ಗ್ಲೈಡರ್‌ಗಳೂ ಆ ಆಳವನ್ನು ತೋರಿಸಿವೆ. ಆದರೆ ಯಾನ ವರ್ಷಕ್ಕೊಮ್ಮೆ ನಡೆಯುತ್ತದೆ. ಕಡಲು ದಿನಕ್ಕೊಮ್ಮೆ ಬದಲಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳನ್ನು ಎದುರಿಸಲೇಬೇಕು. ನೀರ್ಗಡಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಇದ್ದು ಕರಗುವಂಥದ್ದು, ಅದರ ಹಿಂದೆ ಓಡಿ ಪ್ರಯೋಜನವೇನು ಎನ್ನಬಹುದು. ಆದರೆ ಡಯಾಟಮ್‌ನ ಬಾಳೂ ದಿನಗಳ ಲೆಕ್ಕದ್ದೇ. ಒಂದು ವಾರ ಬಾಳುವ ಗಡಿ ಅದರ ಪಾಲಿಗೆ ಹಲವು ತಲೆಮಾರು. ಗಡಿ ಕರಗಿದರೂ ಅದು ಕಟ್ಟಿದ ಸಮುದಾಯ ನೀರಿನೊಡನೆ ಮುಂದೆ ಸಾಗುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕೊಳಚೆ ನೇರವಾಗಿ ಕಡಲಿಗೆ ಬೀಳುತ್ತಿರುವಾಗ ಸೂಕ್ಷ್ಮಗಡಿಗಳ ಅಧ್ಯಯನ ಐಷಾರಾಮವಲ್ಲವೇ? ಕೊಳಚೆ ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೊಳಚೆ ಯಾವ ದಿನ ಯಾವ ಕುಪ್ಪದ ಮುಂದೆ ನಿಲ್ಲುತ್ತದೆ, ಯಾವ ಜೀವಿಗೆ ಗೊಬ್ಬರವಾಗುತ್ತದೆ ಎಂಬುದನ್ನು ಗಡಿಯೇ ತೀರ್ಮಾನಿಸುತ್ತದೆ. ಮಾಲಿನ್ಯದ ಹೊರೆ ಹೊರುವವರು ಯಾರೆಂದು ತೋರಿಸುವ ಸಾಕ್ಷ್ಯ ಮೀನುಗಾರ ಕೇರಿಗಳಿಗೆ ಬೇಕೇ ಬೇಕು.

ಹಾಗಾದರೆ ಮಾಡಬೇಕಾದದ್ದೇನು? ಚೆನ್ನೈಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇದೆ, ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಇದೆ, ಮದ್ರಾಸ್ ವಿಶ್ವವಿದ್ಯಾಲಯದ ಪರಂಪರೆ ಇದೆ. ಇವು ಒಂದು ಸರಳ ಪದ್ಧತಿಗೆ ಕೈ ಹಾಕಬಹುದು: ನಕ್ಷೆಯ ಮೇಲೆ ಗುರುತಿಸಿದ ಸ್ಥಿರ ಬಿಂದುಗಳಲ್ಲಿ ನೀರು ತುಂಬುವ ಬದಲು, ಅಂದಿನ ಗಡಿಯನ್ನು ಅಡ್ಡ ದಾಟುತ್ತ ಒಳಗೆ, ಗೆರೆಯ ಮೇಲೆ, ಹೊರಗೆ ಎಂದು ಮೂರು ಕಡೆ ಮಾದರಿ ತೆಗೆಯುವುದು. ಲವಣತೆ, ತಾಪಮಾನದ ಜೊತೆ ಸೂಕ್ಷ್ಮದರ್ಶಕ ಮತ್ತು ಡಿಎನ್‌ಎ ಪರೀಕ್ಷೆಯಿಂದ ಅಲ್ಲಿರುವ ಜೀವಿಗಳ ಹೆಸರು ಬರೆಯುವುದು. ಗಡಿ ಇವತ್ತು ಎಲ್ಲಿದೆ ಎಂದು ದಿನಾಲೂ ಕಡಲಿಗಿಳಿಯುವವರಿಗೆ ಗೊತ್ತು. ಕಡಲೊಳಗಿನ ನದಿಯನ್ನು ತೋರಿಸಿಕೊಟ್ಟದ್ದು ಅವರೇ ತುಂಬಿದ ಮಾದರಿಗಳು. ಅವರನ್ನು ಮಾಹಿತಿ ಪಡೆಯುವವರೆಂದಷ್ಟೇ ನೋಡದೆ ಕೂಲಿ ಪಡೆದು, ಹೆಸರು ಪಡೆದು ಅಳೆಯುವ ಸಹಭಾಗಿಗಳೆಂದು ನೋಡಬೇಕು.

ಗಡಿಯ ಸೂಚನೆಯ ಉದ್ದೇಶವೂ ಹಿಗ್ಗಬೇಕು. ಹವಾಯಿಯ ಸುತ್ತ ಕಡಲಾಮೆಗಳು ಇಂಥ ಗಡಿಗಳನ್ನು ಹಿಂಬಾಲಿಸುತ್ತವೆಂದು ತಿಳಿದ ಮೇಲೆ ಅಮೆರಿಕದ ಸಂಸ್ಥೆಯೊಂದು 2006ರಲ್ಲಿ ಟರ್ಟಲ್‌ವಾಚ್ ಹೆಸರಿನಲ್ಲಿ, ಈ ಪಟ್ಟಿಯಲ್ಲಿ ಗಾಳ ಹಾಕಬೇಡಿ ಎಂದು ದೋಣಿಗಳಿಗೆ ಸಲಹೆ ಕೊಡತೊಡಗಿತು. ನಮ್ಮಲ್ಲಿ ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದು ಕ್ಯಾಲೆಂಡರಿನ ಗಡಿ, ಅದರ ಬೆಲೆ ದೊಡ್ಡದು. ಅದರ ಜೊತೆಗೆ ಮೀನುಮರಿಗಳು ದಟ್ಟವಾದ ಗೆರೆಯನ್ನು ಕೆಲವು ದಿನ ಬಿಟ್ಟುಕೊಡಿ, ವಿಷಕಾರಿ ಪ್ಲವಕ ಹೆಚ್ಚಿದ ಗೆರೆಯಿಂದ ದೂರವಿರಿ, ಘಟಕದ ನೀರೆಳೆಯುವ ಕೊಳವೆಯನ್ನು ಇವತ್ತು ಗಮನಿಸಿ ಎಂದು ಹೇಳುವ ಸೂಚನೆಯೂ ಬರಬೇಕು. ಎಲ್ಲಿ ಹಿಡಿಯಬೇಕು ಎಂದು ಹೇಳಲು ಕಲಿತ ವಿಜ್ಞಾನ ಎಲ್ಲಿ ಹಿಡಿಯಬಾರದು ಎಂದು ಹೇಳುವುದಕ್ಕೂ ಬೆಳೆಯಬೇಕು.

ಹಾಗೆ ಬೆಳೆಯಬೇಕಾದರೆ ಹೆಸರು ಗುರುತಿಸಬಲ್ಲ ಕಣ್ಣುಗಳು ಬೇಕು. ಪಾಚಿಗಳ ವರ್ಗೀಕರಣ ಕಲಿಸುವವರು, ಕಲಿಯುವವರು ಇಬ್ಬರೂ ವಿರಳವಾಗುತ್ತಿದ್ದಾರೆ. ಉಪಗ್ರಹಕ್ಕೆ ಸಿಗುವ ಹಣ, ಹೆಮ್ಮೆ ಎರಡೂ ಸೂಕ್ಷ್ಮದರ್ಶಕಕ್ಕೆ ಸಿಗುತ್ತಿಲ್ಲ. ಉಪಗ್ರಹದ ಬಣ್ಣ ಯಾವ ಜೀವಿಯದೆಂದು ಖಚಿತಪಡಿಸಲು ಕೊನೆಗೂ ನೀರಿನ ಹನಿಯನ್ನೇ ನೋಡಬೇಕು. ಆ ಹನಿಯಿಲ್ಲದೆ 13 ತರಂಗಪಟ್ಟಿಗಳೂ ಊಹೆಯ ಮೇಲೆ ನಿಲ್ಲುತ್ತವೆ. ಮುಂದಿನ ಉಪಗ್ರಹದ ಖರ್ಚಿನ ಒಂದು ಸಣ್ಣ ಪಾಲನ್ನು ಚೆನ್ನೈ ಮತ್ತು ಮಂಗಳೂರಿನ ಕಡಲಿನಲ್ಲಿ ವಾರವಾರ ಗಡಿ ದಾಟುವ ಮಾದರಿಗೆ, ಅದನ್ನು ಓದಬಲ್ಲ ಹತ್ತಾರು ಯುವ ಪಾಚಿತಜ್ಞರಿಗೆ ಮೀಸಲಿಡಬೇಕೆಂದು ಕರಾವಳಿಯ ಜನ, ಅವರ ಪ್ರತಿನಿಧಿಗಳು ಗಟ್ಟಿಯಾಗಿ ಕೇಳಬೇಕು. ಕಡಲನ್ನು ಉಣ್ಣುವ, ಈಗ ಕುಡಿಯುವ ನಮಗೆ ಅದರಲ್ಲಿ ಯಾರು ಬದುಕಿದ್ದಾರೆ ಎಂದು ತಿಳಿದಿರುವುದು ಕನಿಷ್ಠ ಹೊಣೆ.